ಮುಚ್ಚಿದ ಪಾತ್ರೆಯೊಳಗಿನ ಜೀವಲೋಕ

ಒಂದು ಪಾತ್ರೆಯಲ್ಲಿ ಸಿಹಿನೀರು. ನೀರೊಳಗೆ ಬೆಳೆಯುವ ಸಸ್ಯ, ಪಾಚಿ, ಕಣ್ಣಿಗೆ ಕಂಡೂ ಕಾಣದಂಥ ಚಿಪ್ಪುಜೀವಿಗಳು, ಪುಟ್ಟ ಬಸವನಹುಳುಗಳು, ಎಣಿಕೆಗೆ ಸಿಗದ ಸೂಕ್ಷ್ಮಾಣುಗಳು. ಬಾಯಿಯನ್ನು ಭದ್ರವಾಗಿ ಮುಚ್ಚಿದ ಮೇಲೆ ಒಳಗೆ ಗಾಳಿಯೂ ಹೋಗದು, ಆಹಾರವೂ ಹೋಗದು. ಬೆಳಕೊಂದಕ್ಕೆ ಮಾತ್ರ ಪ್ರವೇಶ. 1996ರಲ್ಲಿ ಇಂಥ ಪಾತ್ರೆಗಳು ಅಮೆರಿಕದ ಎಂಡೆವರ್ ನೌಕೆಯಲ್ಲಿ ಬಾಹ್ಯಾಕಾಶಕ್ಕೆ ಹೋದವು. ಅನಂತರ ರಷ್ಯಾದ ಮೀರ್ ನಿಲ್ದಾಣದಲ್ಲಿ ತಿಂಗಳುಗಟ್ಟಲೆ ಇದ್ದವು. ಯಾರೂ ಉಣಿಸದೆ ಆ ಜೀವಿಗಳು ಅಲ್ಲಿ ಬದುಕಿದವು, ಸಂತಾನವನ್ನೂ ಪಡೆದವು.

ಸಸ್ಯ ಬಿಟ್ಟ ಆಮ್ಲಜನಕವನ್ನು ಪ್ರಾಣಿ ಉಸಿರಾಡುತ್ತದೆ. ಪ್ರಾಣಿಯ ಉಸಿರು ಸಸ್ಯಕ್ಕೆ ಬೇಕು. ಸತ್ತದ್ದನ್ನೂ ಮಲವನ್ನೂ ಸೂಕ್ಷ್ಮಾಣುಗಳು ಕರಗಿಸಿ ಸಸ್ಯಕ್ಕೆ ಗೊಬ್ಬರವಾಗಿಸುತ್ತವೆ. ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಜೀವಗಳ ಪರಸ್ಪರ ಉಪಕಾರವನ್ನು ಕುರಿತು ಹೇಳಿದ್ದಾರೆ. ಅದನ್ನು ಮನುಷ್ಯರ ನಡುವಿನ ಸಹಾಯಕ್ಕಷ್ಟೇ ಅನ್ವಯಿಸುವುದು ರೂಢಿಯಾಗಿದೆ. ಏಕೇಂದ್ರಿಯ ಜೀವಗಳೂ ಆ ಮಾತಿನೊಳಗಿವೆ ಎಂಬುದು ಮರೆತುಹೋಗುತ್ತದೆ. (ಆಗಮ ಹೇಳುವ ನಿಗೋದ ಜೀವಗಳೇ ಇಂದಿನ ಬ್ಯಾಕ್ಟೀರಿಯಾ ಎಂದು ಆತುರದಿಂದ ಸಮೀಕರಿಸುವುದು ಮಾತ್ರ ಬೇಡ.)

ಈ ಪಾತ್ರೆಗಳನ್ನು ರೂಪಿಸಿದ ಟೇಬರ್ ಮೆಕಲಮ್ ಮತ್ತು ಜೇನ್ ಪಾಯಿಂಟರ್ ಅದಕ್ಕೂ ಮೊದಲು ತಾವೇ ಒಂದು ಮುಚ್ಚಿದ ಲೋಕದೊಳಗೆ ಬಾಳಿ ಬಂದವರು. ಅಮೆರಿಕದ ಅರಿಜೋನಾದಲ್ಲಿ ಗಾಜು, ಉಕ್ಕುಗಳಿಂದ ಕಟ್ಟಿದ ಬಯೋಸ್ಫಿಯರ್-2ರಲ್ಲಿ 1991ರಿಂದ 1993ರವರೆಗೆ ಎಂಟು ಮಂದಿ ವಾಸವಿದ್ದರು. ಹೊಲ, ಕಾಡು, ಪುಟ್ಟ ಕಡಲು ಎಲ್ಲವೂ ಒಳಗಿದ್ದವು. ಆದರೂ ಗಾಳಿಯಲ್ಲಿ ಶೇಕಡಾ 21ರಷ್ಟಿದ್ದ ಆಮ್ಲಜನಕ ಒಂದೂವರೆ ವರ್ಷ ಕಳೆಯುವುದರೊಳಗೆ ಸುಮಾರು 14ಕ್ಕೆ ಇಳಿಯಿತು. ನಿವಾಸಿಗಳು ಏದುಸಿರು ಬಿಡತೊಡಗಿದರು. ಕೊನೆಗೆ ಹೊರಗಿನಿಂದ ಆಮ್ಲಜನಕ ತುಂಬಬೇಕಾಯಿತು. ಬೆಳೆ ಹುಲುಸಾಗಲೆಂದು ಹಾಕಿದ್ದ ಅತಿ ಫಲವತ್ತಾದ ಮಣ್ಣಿನಲ್ಲಿ ಸೂಕ್ಷ್ಮಾಣುಗಳು ಬೆಳೆದು ಆಮ್ಲಜನಕವನ್ನು ಬಳಸಿಬಿಟ್ಟಿದ್ದವು. ಅವು ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಕಟ್ಟಡದ ಕಾಂಕ್ರೀಟು ಹೀರಿಕೊಂಡದ್ದರಿಂದ ಗಿಡಗಳು ಅದನ್ನು ಮರಳಿ ಆಮ್ಲಜನಕವಾಗಿಸಲೂ ಆಗಲಿಲ್ಲ. ಬರಗಾಲ ಬಂದದ್ದು ಸಮೃದ್ಧಿಯಿಂದ! ಪರಿಗ್ರಹಪರಿಮಾಣ ವ್ರತವನ್ನು ಬಲ್ಲ ಶ್ರಾವಕರಿಗೆ ಇದು ಹೊಸತಾಗಿ ಕಾಣದು.

ಆದರೆ ಜೀವಿಗಳನ್ನು ಹೀಗೆ ಸೆರೆಯಲ್ಲಿಟ್ಟು ಆಕಾಶಕ್ಕೆ ಒಯ್ಯುವುದು ಸಲ್ಲುವುದೇ? ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ, ಗೃಹಸ್ಥನು ಮೊದಲನೆಯದನ್ನು ಪೂರ್ಣವಾಗಿ ತೊರೆಯಬೇಕೆಂದು ವಿಧಿಸಲಾಗಿದೆ. ಮೀರ್‌ಗೆ ಹೋದ ಪಾತ್ರೆಯಲ್ಲಿ ಕೊಲ್ಲುವ ಸಂಕಲ್ಪವಿಲ್ಲ. ಅವು ಬದುಕಲೆಂದೇ ಅಷ್ಟು ಶ್ರಮ. ಆದರೂ ಜೀವವನ್ನು ಅದರ ನೆಲೆಯಿಂದ ಎತ್ತಿದವನ ಹೊಣೆ ಅಷ್ಟಕ್ಕೇ ತೀರುವುದಿಲ್ಲ.

ಬಾವಿಯ ನೀರನ್ನು ಸೋಸುವ ಶ್ರಾವಕರ ಕ್ರಮವನ್ನೇ ನೋಡಬಹುದು. ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಎಲ್ಲೆಂದರಲ್ಲಿ ಚೆಲ್ಲುವಂತಿಲ್ಲ. ಬೇರೆ ಬಾವಿಯ ನೀರು ಅವಕ್ಕೆ ಮಾರಕವಾಗಬಹುದು. ಸೋಸಿದ ನೀರಿನಿಂದಲೇ ಬಟ್ಟೆಯನ್ನು ತೊಳೆದು, ಆ ತೊಳೆದ ನೀರನ್ನು ಅದೇ ಬಾವಿಗೆ ಮರಳಿಸಬೇಕು. ಮೇಲಿನಿಂದ ಸುರಿದರೆ ಬಿದ್ದ ಪೆಟ್ಟಿಗೆ ಸಾಯುತ್ತವೆಂದು, ತಳದಲ್ಲಿ ಕೊಂಡಿಯಿರುವ ಪಾತ್ರೆಯನ್ನು ನೀರಿನ ಮಟ್ಟದವರೆಗೆ ಇಳಿಸಿ ಅಲ್ಲಿ ಮೆಲ್ಲನೆ ಬಗ್ಗಿಸುವ ಪದ್ಧತಿಯಿದೆ.

2019ರ ಜನವರಿಯಲ್ಲಿ ಚೀನಾದ ಚಾಂಗ್‌ಎ-4 ನೌಕೆ ಚಂದ್ರನ ಆಚೆ ಬದಿಯಲ್ಲಿ ಇಳಿಯಿತು. ಅದರೊಳಗೆ 18 ಸೆಂಟಿಮೀಟರ್ ಎತ್ತರದ ಡಬ್ಬಿ. ಅದರಲ್ಲಿ ಹತ್ತಿ, ಆಲೂಗಡ್ಡೆ ಮುಂತಾದವುಗಳ ಬೀಜ, ಯೀಸ್ಟ್, ಹಣ್ಣಿನ ನೊಣದ ಮೊಟ್ಟೆಗಳು. ಹತ್ತಿಬೀಜ ಮೊಳೆಯಿತು. ಚಿತ್ರ ಕಂಡು ಜಗತ್ತು ಹರ್ಷಿಸಿತು. ಅಷ್ಟರಲ್ಲಿ ಹದಿನಾಲ್ಕು ದಿನಗಳ ಚಂದ್ರರಾತ್ರಿ ಬಂತು. ಆ ಕೊರೆಯುವ ಚಳಿಯಲ್ಲಿ ಡಬ್ಬಿಯನ್ನು ಬೆಚ್ಚಗಿಡುವ ವ್ಯವಸ್ಥೆ ಇರಲಿಲ್ಲ. ಅದು ಕಳುಹಿಸಿದವರಿಗೆ ಮೊದಲೇ ತಿಳಿದಿತ್ತು. ಪ್ರಮಾದದಿಂದ ಪ್ರಾಣಹರಣವಾದರೆ ಅದು ಹಿಂಸೆ ಎಂಬ ಲಕ್ಷಣವನ್ನು ಓದಿದವರಿಗೆ ಈ ತಿಳಿವಳಿಕೆಯನ್ನು ಪ್ರಮಾದವೆಂದು ಕರೆಯುವುದೂ ಕಷ್ಟ. ಮೊಳಕೆ ಸತ್ತಿತು. ಡಬ್ಬಿ ಇಂದಿಗೂ ಅಲ್ಲೇ ಇದೆ.