ಸಭೆ ತಪ್ಪಿದರೂ ಮತ ತಪ್ಪದಿರಲಿ

ಚುನಾವಣೆ ಬಂದಿತೆಂದರೆ ನಮ್ಮ ಧುಪದಾಳ, ಘಟಪ್ರಭಾ, ಗೋಕಾಕ ಕಡೆಯ ಊರುಗಳ ಅಗಸಿಯ ಮುಂದೆ ವಾಹನಗಳು ಸಾಲುಗಟ್ಟಿ ನಿಲ್ಲುತ್ತವೆ. "ಮನೀಗೆ ಇಬ್ಬರರೆ ಬರಬೇಕ್ರಿ ಅಜ್ಜಾರ, ಸಭಾಕ್ಕ ಮಂದಿ ಕಡಿಮಿ ಆಗಬಾರದು" ಎಂಬ ಒತ್ತಾಯದ ಕರೆ ಕೇಳಿಬರುತ್ತದೆ. ಕಬ್ಬಿಗೆ ನೀರು ಹಾಯಿಸುವುದನ್ನು ಬಿಟ್ಟು, ಬಿಸಿಲಿನಲ್ಲಿ ಗಂಟೆಗಟ್ಟಲೆ ಕುಳಿತು, ದೀಪ ಹಚ್ಚುವ ಹೊತ್ತಿಗೆ ಮನೆಗೆ ಮರಳುವುದು ಹಲವರ ಅನುಭವ. ನಮ್ಮ ಮನೆಯಲ್ಲಿ ಇಂತಹ ಸಭೆಗಳಿಗೆ ಹೋಗುವ ರೂಢಿಯಿಲ್ಲ. ಇದಕ್ಕಾಗಿ ಕೆಲವರು ನಮ್ಮನ್ನು ಊರಿನ ಉಸಾಬರಿ ಬೇಡವಾದವರೆಂದು ಆಡಿಕೊಂಡದ್ದೂ ಉಂಟು. ಆದರೆ ಮತದಾನದ ದಿನ ಮತಗಟ್ಟೆಗೆ ಹೋಗುವುದನ್ನು ನಾವು ತಪ್ಪಿಸಿದವರಲ್ಲ. ಈ ಎರಡು ನಡೆಗಳ ನಡುವೆ ವಿರೋಧವಿದೆಯೇ ಎಂಬುದನ್ನು ಶರಣಬಂಧುಗಳೊಡನೆ ವಿಚಾರಿಸಬೇಕೆನಿಸಿದೆ.

ಸಭೆಗೆ ಹೋಗುವವರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. 1924ರ ಡಿಸೆಂಬರಿನಲ್ಲಿ ನಮ್ಮದೇ ಬೆಳಗಾವಿಯಲ್ಲಿ ಮಹಾತ್ಮಾ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ನಾಡಿನ ಮೂಲೆ ಮೂಲೆಗಳಿಂದ ಜನರು ದೇಶಾಭಿಮಾನದಿಂದ ಬಂದು ಅಲ್ಲಿ ಸೇರಿದರು. ತಾನಾಗಿ ಬಂದವನು ಕೇಳುಗನಾಗಿರುತ್ತಾನೆ. ಕರೆತಂದವನು ಕೇವಲ ಒಂದು ತಲೆಯಾಗಿ ಎಣಿಕೆಗೆ ಸೇರುತ್ತಾನೆ. ಇಂದಿನ ಸಭೆಗಳಲ್ಲಿ ಈ ಎರಡನೆಯ ಬಗೆಯವರೇ ಹೆಚ್ಚಾಗುತ್ತಿರುವುದು ವಿಷಾದದ ಸಂಗತಿ.

ಹಳ್ಳಿಯಲ್ಲಿ ಇದರ ಪರಿಣಾಮ ಇನ್ನೂ ಆಳವಾದುದು. ಒಂದು ಬಾವುಟದ ಕೆಳಗೆ ಕುಳಿತವನಿಗೆ ಮರುದಿನವೇ ಒಂದು ಗುರುತು ಅಂಟಿಕೊಳ್ಳುತ್ತದೆ. ಒಂದೇ ಬಾವಿಯ ನೀರನ್ನು ಪಾಳಿಯ ಮೇಲೆ ಹಂಚಿಕೊಳ್ಳುವ ಅಣ್ಣತಮ್ಮಂದಿರು ಮಾತು ಬಿಡುತ್ತಾರೆ. ಜಾತ್ರೆಯ ಕಮಿಟಿಯಲ್ಲಿ ಎರಡು ಪಂಗಡಗಳಾಗುತ್ತವೆ. ಚುನಾವಣೆ ಒಂದು ದಿನದ್ದು, ನೆರೆಹೊರೆ ಜೀವಮಾನದ್ದು. ಇದನ್ನರಿತೇ ಎಂಬಂತೆ 1951ರ ಪ್ರಜಾಪ್ರತಿನಿಧಿತ್ವ ಕಾಯ್ದೆಯು ಮತದ ಗೌಪ್ಯತೆಯನ್ನು ರಕ್ಷಿಸಿದೆ. ಸಭೆಯಲ್ಲಿ ನಾವು ಯಾರ ಪಕ್ಕ ಕುಳಿತೆವೆಂಬುದು ಊರಿಗೆಲ್ಲ ಗೊತ್ತಾಗುತ್ತದೆ. ಮತಯಂತ್ರದ ಮುಂದೆ ನಾವು ಮಾಡಿದ ಆಯ್ಕೆ ನಮ್ಮ ಅಂತಃಸಾಕ್ಷಿಗೆ ಮಾತ್ರ ಗೊತ್ತು.

ಆದರೆ ಇಲ್ಲಿಯೇ ಒಂದು ಅಪಾಯವೂ ಅಡಗಿದೆ. "ರಾಜಕಾರಣ ನಮಗೆ ಬೇಡ" ಎಂದು ಸಭೆಯನ್ನು ಬಿಟ್ಟವರು ಕ್ರಮೇಣ ಮತವನ್ನೂ ಬಿಟ್ಟುಬಿಡುತ್ತಾರೆ. ಗದ್ದಲದಿಂದ ದೂರವಿರುವುದು ವಿವೇಕ. ಹೊಣೆಯಿಂದ ದೂರವಿರುವುದು ವಿವೇಕವಲ್ಲ. ವಿಚಾರವಂತರೆಲ್ಲ ಮನೆಯಲ್ಲಿ ಕುಳಿತರೆ ತೀರ್ಮಾನವು ವಾಹನ ಹತ್ತಿ ಬಂದವರ ಪಾಲಾಗುತ್ತದೆ.

ಈ ಹಕ್ಕು ನಮ್ಮ ಮನೆಗಳಿಗೆ ಹೇಗೆ ಬಂದಿತೆಂಬುದನ್ನು ಮಕ್ಕಳಿಗೆ ತಿಳಿಸಬೇಕು. 1951-52ರ ಮೊದಲ ಸಾರ್ವತ್ರಿಕ ಚುನಾವಣೆಯ ಕಾಲಕ್ಕೆ ನಮ್ಮ ಭಾಗವು ಮುಂಬಯಿ ಪ್ರಾಂತ್ಯದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಆ ಮೊದಲ ಚುನಾವಣೆಯ ಪಟ್ಟಿ ಸಿದ್ಧವಾಗುವಾಗ, ಮುಖ್ಯವಾಗಿ ಉತ್ತರದ ಪ್ರಾಂತ್ಯಗಳಲ್ಲಿ, ಅನೇಕ ಹೆಣ್ಣುಮಕ್ಕಳು ತಮ್ಮ ಹೆಸರು ಹೇಳದೆ "ಇಂಥವರ ಹೆಂಡತಿ", "ಇಂಥವರ ತಾಯಿ" ಎಂದಷ್ಟೇ ಬರೆಯಿಸಿದರು. ಸ್ವಂತ ಹೆಸರಿಲ್ಲದ ಕಾರಣ ಸುಮಾರು 28 ಲಕ್ಷ ಮಹಿಳೆಯರು ಪಟ್ಟಿಯಿಂದ ಹೊರಗುಳಿದರು. ಮತವೆಂಬುದು ಮನೆತನದ್ದಲ್ಲ, ವ್ಯಕ್ತಿಯದು ಎಂಬ ಪಾಠ ಇದರಲ್ಲಿದೆ. ಸ್ತ್ರೀಯರು ತಮ್ಮದೇ ಅಂಕಿತದಲ್ಲಿ ವಚನ ಬರೆದ ಪರಂಪರೆ ನಮ್ಮದು. ಅಂತಹ ಮನೆಗಳಲ್ಲಿ ಯಜಮಾನನು ಅವ್ವನಿಗೂ ಸೊಸೆಗೂ "ಇಂಥ ಚಿಹ್ನೆಗೇ ಒತ್ತಿರಿ" ಎಂದು ಅಪ್ಪಣೆ ಕೊಡುವುದು ಶೋಭೆಯಲ್ಲ.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಪ್ರಸಂಗ ಎಲ್ಲರಿಗೂ ತಿಳಿದಿದೆ. ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಕಾಯಕಕ್ಕೆ ಮೀರಿದ್ದು ನಮಗೆ ಸಲ್ಲದೆಂದು ಲಕ್ಕಮ್ಮ ಅದನ್ನು ಹಿಂದಿರುಗಿಸಿದಳು. ಸಭೆಯ ಹೆಸರಿನಲ್ಲಿ ದೊರೆಯುವ ಕೂಲಿ, ಮತದ ಹೆಸರಿನಲ್ಲಿ ಬಾಗಿಲಿಗೆ ಬರುವ ಸೀರೆ, ಕುಕ್ಕರು, ನೋಟುಗಳು ಯಾವ ಕಾಯಕದ ಫಲ? ಮತಕ್ಕಾಗಿ ಹಣ ಕೊಡುವುದೂ ಪಡೆಯುವುದೂ ಕಾನೂನಿನ ಕಣ್ಣಿನಲ್ಲಿ ಅಪರಾಧ. ಕಾನೂನಿಗಿಂತ ಮೊದಲು ಲಕ್ಕಮ್ಮನ ಪ್ರಶ್ನೆ ನಮ್ಮ ಹೊಸ್ತಿಲಲ್ಲಿ ನಿಲ್ಲಬೇಕು.

ಸಭೆಗೆ ಹೋಗದಿದ್ದರೆ ಅಭ್ಯರ್ಥಿಯನ್ನು ಅರಿಯುವುದು ಹೇಗೆಂದು ಕೇಳಬಹುದು. 1996ರಲ್ಲಿ ಬೆಳಗಾವಿ ಲೋಕಸಭಾ ಕ್ಷೇತ್ರದ ಕಣದಲ್ಲಿ 456 ಅಭ್ಯರ್ಥಿಗಳಿದ್ದರು. ಅಷ್ಟು ಜನರ ಭಾಷಣಗಳನ್ನು ಕೇಳಿ ಮತ ಹಾಕಲು ಯಾರಿಂದ ಸಾಧ್ಯವಿತ್ತು? ಆಗ 500 ರೂಪಾಯಿ ಇದ್ದ ಲೋಕಸಭಾ ಚುನಾವಣೆಯ ಠೇವಣಿಯನ್ನು ಅದೇ ವರ್ಷ 10,000 ರೂಪಾಯಿಗೆ ಏರಿಸಲಾಯಿತು. ಇಂದು ತಿಳಿಯುವ ದಾರಿಗಳು ಸುಲಭವಾಗಿವೆ. ಸುಪ್ರೀಂ ಕೋರ್ಟಿನ 2002 ಮತ್ತು 2003ರ ತೀರ್ಪುಗಳ ಬಳಿಕ ಪ್ರತಿಯೊಬ್ಬ ಅಭ್ಯರ್ಥಿಯೂ ತನ್ನ ಮೇಲಿನ ಕ್ರಿಮಿನಲ್ ಪ್ರಕರಣ, ಆಸ್ತಿ, ಸಾಲ, ವಿದ್ಯಾಭ್ಯಾಸಗಳನ್ನು ಪ್ರಮಾಣಪತ್ರದಲ್ಲಿ ಘೋಷಿಸಬೇಕು. ಚುನಾವಣಾ ಆಯೋಗದ ಜಾಲತಾಣದಲ್ಲಿ ಅದನ್ನು ಯಾರಾದರೂ ಓದಬಹುದು. ಕಲಿತ ಮಕ್ಕಳು ಅದನ್ನು ತೆರೆದು, ರಾತ್ರಿಯ ಊಟದ ಬಳಿಕ ಹಿರಿಯರಿಗೆ ಓದಿ ಹೇಳಲಿ. ಕಳೆದ ಐದು ವರ್ಷಗಳಲ್ಲಿ ಕಾಲುವೆಯ ನೀರು, ಶಾಲೆ, ದವಾಖಾನೆ, ರಸ್ತೆಗಳ ಸ್ಥಿತಿ ಏನಾಯಿತೆಂಬುದಕ್ಕಂತೂ ಯಾರ ಭಾಷಣವೂ ಬೇಡ. ನಮ್ಮ ಕಣ್ಣೇ ಸಾಕ್ಷಿ. ಮತದಾನ ಮುಗಿಯುವ ವೇಳೆಗೆ 48 ಗಂಟೆ ಮೊದಲೇ ಬಹಿರಂಗ ಸಭೆಗಳು ನಿಲ್ಲಬೇಕೆಂಬುದು ನಿಯಮ. ಕಾಯ್ದೆಯೇ ಕೊಟ್ಟ ಆ ಮೌನದ ಎರಡು ದಿನಗಳು ವಿಚಾರಕ್ಕೆ ಮೀಸಲಾಗಲಿ. ಯಾರೂ ಒಪ್ಪಿಗೆಯಾಗದಿದ್ದರೆ, 2013ರ ತೀರ್ಪಿನ ಫಲವಾಗಿ ಬಂದ "ಮೇಲಿನ ಯಾರೂ ಅಲ್ಲ" ಎಂಬ ಗುಂಡಿಯೂ ಇದೆ.

ಇನ್ನು ಮನೆಯ ಹಿರಿಯರು ಮಾಡಬೇಕಾದ ಕೆಲಸಗಳು ಕೆಲವು ಇವೆ. ಚುನಾವಣೆ ಘೋಷಣೆಯಾಗುವವರೆಗೆ ಕಾಯದೆ ಪಟ್ಟಿಯಲ್ಲಿ ಎಲ್ಲರ ಹೆಸರು ಇದೆಯೇ ಎಂದು ನೋಡಿಕೊಳ್ಳಬೇಕು. ಹದಿನೆಂಟು ತುಂಬಿದ ಮಕ್ಕಳ ಹೆಸರನ್ನು ಆರನೆಯ ನಮೂನೆಯಲ್ಲಿ ಅರ್ಜಿ ಕೊಟ್ಟು ಸೇರಿಸಬೇಕು. ಮದುವೆಯಾಗಿ ಬಂದ ಸೊಸೆಯ ಹೆಸರು ತವರಿನ ಪಟ್ಟಿಯಲ್ಲಿಯೇ ಉಳಿಯುವುದುಂಟು; ಅದನ್ನು ವರ್ಗಾಯಿಸಿಕೊಳ್ಳಬೇಕು. 2024ರ ಲೋಕಸಭಾ ಚುನಾವಣೆಯಲ್ಲಿ 85 ವರ್ಷ ದಾಟಿದವರಿಗೆ ಮನೆಯಿಂದಲೇ ಮತ ಹಾಕುವ ಅವಕಾಶವಿತ್ತು. ಇಂತಹ ಸೌಲಭ್ಯವಿರುವಾಗ ಹಾಸಿಗೆ ಹಿಡಿದ ಅಜ್ಜಿಯನ್ನೂ ನಾವು ಮರೆಯಬಾರದು. ಬೆರಳಿಗೆ ಹಚ್ಚುವ ಶಾಯಿಯು ನಮ್ಮ ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗಿ 1962ರಿಂದ ದೇಶದ ಚುನಾವಣೆಗಳಲ್ಲಿ ಬಳಕೆಯಾಗುತ್ತಿದೆ. ಹೆಗಲ ಮೇಲಿನ ಪಕ್ಷದ ಶಾಲಿಗಿಂತ ಬೆರಳ ಮೇಲಿನ ಆ ಗುರುತು ನಮಗೆ ಹೆಚ್ಚಿನ ಭೂಷಣ.

ಧುಪದಾಳದ ಒಡ್ಡಿನ ಮೇಲೆ ಮಳೆಗಾಲದಲ್ಲಿ ಭೋರ್ಗರೆದು ಧುಮುಕುವ ಘಟಪ್ರಭೆಯನ್ನು ನೋಡಲು ಜನ ಸೇರುತ್ತಾರೆ. ಆದರೆ ನಮ್ಮ ಹೊಲಗಳಿಗೆ ದಕ್ಕುವುದು ಕಾಲುವೆಯೊಳಗೆ ಸದ್ದಿಲ್ಲದೆ ಹರಿದುಹೋಗುವ ನೀರು. ನಾಡಿನ ಬೆಳೆಗೂ ಸದ್ದಿಲ್ಲದ ಮತವೇ ಆಧಾರ. ಸಭೆಯ ದಿನ ನಮ್ಮ ಕಾಯಕ ನಮಗಿರಲಿ. ಮತದಾನದ ದಿನ ಪೂಜೆ ಮುಗಿಸಿ, ಮನೆಮಂದಿಯೆಲ್ಲ ಕೂಡಿ, ನಮ್ಮ ಕಾಲ ಮೇಲೆಯೇ ಮತಗಟ್ಟೆಗೆ ನಡೆಯೋಣ.