ಬ್ರಾಡ್‌ವೇ ನಾಟಕಕ್ಕೆ ಎಲ್ಲಿ ಕುಳಿತರೆ ಲೇಸು?

ಕಳೆದ ಏಪ್ರಿಲ್ ತಿಂಗಳ ರಜೆಯಲ್ಲಿ ಅಮ್ಮನನ್ನು ಕರೆದುಕೊಂಡು ನ್ಯೂಜೆರ್ಸಿಯಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ನ್ಯೂಯಾರ್ಕಿನವರೆಗೆ ಹೋಗಿ ಬ್ರಾಡ್‌ವೇಯಲ್ಲಿ ಒಂದು ನಾಟಕವನ್ನಾದರೂ ನೋಡದೆ ಹಿಂದಿರುಗುವುದುಂಟೆ? ಭಾವನವರು ಹೊಸದೊಂದು ನಾಟಕಕ್ಕೆ ನಾಲ್ಕು ಟಿಕೆಟುಗಳನ್ನು ತಂದರು. ಅಲ್ಲಿ ಟಿಕೆಟಿನ ಸರಾಸರಿ ಬೆಲೆ ನೂರು ಡಾಲರನ್ನು ದಾಟಿರುವುದರಿಂದ, ಉಳಿತಾಯದ ದೃಷ್ಟಿಯಿಂದ ಅವರು ಎಲ್ಲಕ್ಕಿಂತ ಮೇಲಿನ ಬಾಲ್ಕನಿಯ ಕೊನೆಯ ಸಾಲನ್ನು ಆರಿಸಿದ್ದರು. ಅಮ್ಮ ನಿವೃತ್ತ ಉಪಾಧ್ಯಾಯಿನಿ. ಇಂಗ್ಲಿಷನ್ನು ಚೆನ್ನಾಗಿ ಬಲ್ಲವರು. ಆದರೆ ಅವರಿಗೆ ಮೊಣಕಾಲು ನೋವು, ಕಿವಿಯೂ ತುಸು ಮಂದ. ಕಡಿದಾದ ಮೆಟ್ಟಿಲುಗಳನ್ನು ಹತ್ತಿ ಕುಳಿತ ಮೇಲೆ ಅವರ ಉಸಿರು ಸಮಸ್ಥಿತಿಗೆ ಬರುವಷ್ಟರಲ್ಲಿ ಮೊದಲ ದೃಶ್ಯ ಮುಗಿದಿತ್ತು.

ಎರಡನೆಯ ಅಂಕದಲ್ಲಿ ಮಗಳೊಬ್ಬಳು ತಂದೆಯ ಮೇಲೆ ತನಗಿರುವ ದ್ವೇಷವನ್ನು ಮೊದಲ ಬಾರಿಗೆ ಬಾಯಿಬಿಟ್ಟು ಹೇಳುವ ಗಂಭೀರ ಸನ್ನಿವೇಶ. ಅವಳ ಒಂದು ಮಾತಿಗೆ ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ನಗಬೇಕಾದ ಮಾತು ಅದಲ್ಲವೆಂಬುದು ನಟಿಯ ಮುಖದಿಂದಲೇ ತಿಳಿಯುವಂತಿತ್ತು. ಅನಂತರ ರಂಗದ ಮೇಲೆ ತಿರುಗಬೇಕಾಗಿದ್ದ ಮನೆಯ ಸಜ್ಜು ಅರ್ಧದಲ್ಲೇ ನಿಂತುಬಿಟ್ಟಿತು. ದೀಪಗಳು ಹತ್ತಿದವು, ಧ್ವನಿವರ್ಧಕದಲ್ಲಿ ಯಾರೋ ವಿನಯದಿಂದ ಕ್ಷಮೆ ಕೇಳಿದರು, ಹತ್ತು ನಿಮಿಷ ಕಳೆದು ಆಟ ಮುಂದುವರಿಯಿತು. ಆಗ ಅಮ್ಮ ನನ್ನ ಕಡೆಗೆ ಬಾಗಿ, “ಇವರು ದುಡ್ಡು ತೆಗೆದುಕೊಂಡು ರಿಹರ್ಸಲ್ ತೋರಿಸುತ್ತಾರೇನೋ?” ಎಂದು ಕೇಳಿದರು.

ಅಮ್ಮನ ಮಾತಿನಲ್ಲಿ ಅರ್ಧದಷ್ಟು ಸತ್ಯವಿತ್ತು. ನಾವು ನೋಡುತ್ತಿದ್ದುದು ಅಲ್ಲಿಯವರು ‘ಪ್ರಿವ್ಯೂ’ ಎಂದು ಕರೆಯುವ ಪೂರ್ವಪ್ರದರ್ಶನ. ವಿಧಿವತ್ತಾದ ಪ್ರಥಮ ಪ್ರದರ್ಶನಕ್ಕೆ ಕೆಲವು ವಾರಗಳ ಮೊದಲೇ ಟಿಕೆಟು ಮಾರಿ ಜನರ ಮುಂದೆ ಆಡಲು ತೊಡಗುತ್ತಾರೆ. ರಾತ್ರಿ ಆಟ, ಹಗಲು ತಿದ್ದುಪಡಿ. ನಿನ್ನೆ ಆಡಿದ ಸಂಭಾಷಣೆ ಇಂದು ಇರಲಿಕ್ಕಿಲ್ಲ. ಒಂದು ಪ್ರವೇಶವೇ ಮಾಯವಾಗಿರಬಹುದು. ಪ್ರಥಮ ಪ್ರದರ್ಶನ ಸಮೀಪಿಸಿದಾಗ ಇನ್ನು ತಿದ್ದಕೂಡದೆಂದು ನಾಟಕವನ್ನು ‘ಹೆಪ್ಪುಗಟ್ಟಿಸುತ್ತಾರೆ’. ವಿಮರ್ಶಕರು ಬರುವುದು ಆ ಮೇಲಿನ ಕಡೆಯ ಕೆಲವು ಪೂರ್ವಪ್ರದರ್ಶನಗಳಿಗೆ. ಅವರ ಬರಹಗಳು ಅಚ್ಚಾಗುವುದು ಪ್ರಥಮ ಪ್ರದರ್ಶನದ ರಾತ್ರಿ. ಅಲ್ಲಿಯವರೆಗೆ ನಾಟಕಕಾರನಿಗೆ ತನ್ನ ಗುಣದೋಷಗಳನ್ನು ತಿಳಿಸುವವರು ನಮ್ಮಂಥ ಸಾಮಾನ್ಯ ಪ್ರೇಕ್ಷಕರೇ. ಅಂದು ಸಭಾಂಗಣದ ಹಿಂಭಾಗದಲ್ಲಿ ಪುಟ್ಟ ಪುಸ್ತಕವನ್ನು ಹಿಡಿದು ನಿಂತಿದ್ದ ವ್ಯಕ್ತಿಯೊಬ್ಬರು ಆ ನಗು ಕೇಳಿದೊಡನೆಯೇ ಏನನ್ನೋ ಗುರುತು ಹಾಕಿಕೊಂಡುದನ್ನು ಕೆಳಗಿಳಿದು ಬರುವಾಗ ಅಕ್ಕ ನಮಗೆ ಹೇಳಿದಳು. ನಡುವೆ ನೀರು ಕುಡಿಯಲು ಹೋದವಳು ಕಂಡಿದ್ದಳಂತೆ.

ಹಿಂದೆ ಈ ಪರೀಕ್ಷೆ ನಡೆಯುತ್ತಿದ್ದುದು ಹೆಚ್ಚಾಗಿ ಪರಊರುಗಳಲ್ಲಿ. ನ್ಯೂ ಹೇವನ್, ಬಾಸ್ಟನ್, ಫಿಲಡೆಲ್ಫಿಯ ನಗರಗಳಲ್ಲಿ ಆಡಿ, ತಿದ್ದಿ, ಬಳಿಕ ನ್ಯೂಯಾರ್ಕಿಗೆ ತರುವುದು ವಾಡಿಕೆ. 1943ರ ಮಾರ್ಚಿಯಲ್ಲಿ ನ್ಯೂ ಹೇವನ್ನಿನಲ್ಲಿ ‘ಅವೇ ವೀ ಗೋ’ ಎಂಬ ಹೆಸರಿನಿಂದ ಆರಂಭವಾದ ಗೀತನಾಟಕವೊಂದು ಅದೇ ತಿಂಗಳ 31ರಂದು ನ್ಯೂಯಾರ್ಕಿನಲ್ಲಿ ತೆರೆ ಎತ್ತುವ ವೇಳೆಗೆ ‘ಒಕ್ಲಹೋಮ’ ಆಗಿತ್ತು; ಆಮೇಲೆ 2,212 ಪ್ರದರ್ಶನಗಳನ್ನು ಕಂಡಿತು. 1962ರಲ್ಲಿ ಪ್ರಾಚೀನ ರೋಮನ್ ಹಾಸ್ಯವನ್ನು ಆಧರಿಸಿದ ಒಂದು ಪ್ರಹಸನ ವಾಷಿಂಗ್ಟನ್ನಿನಲ್ಲಿ ಸೋಲುತ್ತಿತ್ತು. ಜನ ನಗಲೇ ಇಲ್ಲ. ಸಹಾಯಕ್ಕೆ ಕರೆಸಿಕೊಂಡ ಜೆರೋಮ್ ರಾಬಿನ್ಸ್ ರೋಗದ ಮೂಲವನ್ನು ಕಂಡುಹಿಡಿದರು. ಆರಂಭದ ಗೀತೆ ಮೃದುವಾದುದರಿಂದ, ಇದು ನಕ್ಕು ನಲಿಯಬೇಕಾದ ನಾಟಕವೆಂಬುದೇ ಸಭಿಕರಿಗೆ ತಿಳಿಯುತ್ತಿರಲಿಲ್ಲ. ಸ್ಟೀಫನ್ ಸಾಂಡ್‌ಹೈಮ್ ಬೇರೊಂದು ಆರಂಭಗೀತೆಯನ್ನು ಬರೆದರು. ಸಭೆ ನಗತೊಡಗಿತು, ನಾಟಕ ನ್ಯೂಯಾರ್ಕಿನಲ್ಲಿ 964 ಸಲ ನಡೆಯಿತು.

ತಿದ್ದುಪಡಿಯೆಲ್ಲವೂ ಫಲಿಸುವುದೆಂದೇನೂ ಇಲ್ಲ. 1981ರಲ್ಲಿ ಅದೇ ಸಾಂಡ್‌ಹೈಮರ ‘ಮೆರಿಲಿ ವೀ ರೋಲ್ ಅಲಾಂಗ್’ ಪೂರ್ವಪ್ರದರ್ಶನದಲ್ಲಿರುವಾಗ, ಕಾಲ ಹಿಂದುಹಿಂದಕ್ಕೆ ಸರಿಯುವ ಕಥೆಯಲ್ಲಿ ಯಾರು ಯಾರೆಂಬುದು ತಿಳಿಯದೆ ಜನ ನಡುವೆಯೇ ಎದ್ದುಹೋಗುತ್ತಿದ್ದರು. ಪಾತ್ರಗಳ ಗುರುತನ್ನು ಅಂಗಿಗಳ ಮೇಲೆಯೇ ಬರೆಸಿ ನೋಡಿದರು. ಪ್ರಯೋಜನವಾಗಲಿಲ್ಲ, ಪ್ರಥಮ ಪ್ರದರ್ಶನದ ಬಳಿಕ 16 ಆಟಗಳಿಗೇ ಅದು ನಿಂತಿತು. ಅದೇ ಕೃತಿ 2023ರಲ್ಲಿ ಮತ್ತೆ ರಂಗವೇರಿ ಮನೆಮಾತಾಯಿತು. ಮರುವರ್ಷ ಪುನಃಪ್ರಯೋಗಕ್ಕೆ ಮೀಸಲಾದ ಟೋನಿ ಪ್ರಶಸ್ತಿಯನ್ನೂ ಪಡೆಯಿತು. ಇನ್ನು ‘ಸ್ಪೈಡರ್ ಮ್ಯಾನ್’ ಗೀತನಾಟಕದ ಕಥೆ ಎಲ್ಲಕ್ಕೂ ಮಿಗಿಲು. 2010ರ ನವೆಂಬರ್ 28ರ ಮೊದಲ ರಾತ್ರಿಯೇ ಯಂತ್ರಗಳು ಕೈಕೊಟ್ಟು ಆಟ ಹಲವು ಸಲ ನಿಂತಿತು. ಮರುತಿಂಗಳು ನಟರೊಬ್ಬರು ಎತ್ತರದಿಂದ ಬಿದ್ದು ತೀವ್ರವಾಗಿ ಗಾಯಗೊಂಡರು. ತೆರೆಯುವ ದಿನವನ್ನು ಮುಂದೂಡುತ್ತ ಮುಂದೂಡುತ್ತ 182 ಪೂರ್ವಪ್ರದರ್ಶನಗಳಾದುವು. ವಿಮರ್ಶಕರು ತಾಳ್ಮೆಗೆಟ್ಟು 2011ರ ಫೆಬ್ರವರಿಯಲ್ಲೇ ತಮ್ಮ ಅಭಿಪ್ರಾಯಗಳನ್ನು ಅಚ್ಚುಮಾಡಿದರು. ವಿಧಿವತ್ತಾಗಿ ತೆರೆದುದು ಜೂನ್ 14ರಂದು.

ಸಭೆಯ ಪ್ರತಿಕ್ರಿಯೆಯನ್ನು ಹೀಗೆ ಓದುವುದು ನಮಗೆ ಹೊಸದಲ್ಲ. ನಮ್ಮ ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಇದಕ್ಕೆಂದೇ ಒಂದು ಅಧ್ಯಾಯವುಂಟು. ಪ್ರಯೋಗದ ಸಿದ್ಧಿ ಎರಡು ಬಗೆ: ಮಾನುಷೀ, ದೈವಿಕೀ. ಮುಗುಳ್ನಗೆ, ಗಹಗಹಿಸುವ ನಗೆ, ಸಾಧು ಸಾಧುವೆಂಬ ಮೆಚ್ಚುಗೆ, ಅಯ್ಯೋ ಎಂಬ ಉದ್ಗಾರ, ರೋಮಾಂಚ, ಆಸನದಿಂದ ಎದ್ದುನಿಲ್ಲುವುದು, ಬಟ್ಟೆಯನ್ನೂ ಉಂಗುರವನ್ನೂ ನಟರತ್ತ ಎಸೆಯುವುದು, ಇವೆಲ್ಲ ಮಾನುಷೀ ಸಿದ್ಧಿ. ತುಂಬಿದ ಸಭೆಯಲ್ಲಿ ಸದ್ದೇ ಇಲ್ಲ, ಕ್ಷೋಭೆಯೇ ಇಲ್ಲ ಎಂದಾದರೆ ಅದು ದೈವಿಕೀ. ಚಪ್ಪಾಳೆಗಿಂತ ಮೌನಕ್ಕೆ ಮೇಲಿನ ಸ್ಥಾನ ಕೊಟ್ಟ ಆ ಮುನಿ ರಂಗಭೂಮಿಯ ಮರ್ಮವನ್ನು ಬಲ್ಲವನು.

ಆ ದೈವಿಕೀ ಸಿದ್ಧಿಗೆ ಅಮೆರಿಕದ ನಿದರ್ಶನವೊಂದನ್ನು ಹೇಳಬೇಕು. 1949ರ ಜನವರಿಯಲ್ಲಿ ಆರ್ಥರ್ ಮಿಲ್ಲರ್ ಅವರ ‘ಡೆತ್ ಆಫ್ ಎ ಸೇಲ್ಸ್‌ಮನ್’ ಫಿಲಡೆಲ್ಫಿಯದಲ್ಲಿ ಮೊದಲ ಬಾರಿ ಜನರ ಮುಂದೆ ಬಂದಿತು. ಜೀವಮಾನವೆಲ್ಲ ದುಡಿದು ಕೊನೆಗೆ ಕೆಲಸದಿಂದ ತಳ್ಳಿಸಿಕೊಂಡ ವೃದ್ಧ ಮಾರಾಟಗಾರನ ಕಥೆ ಅದು. ತೆರೆ ಬಿದ್ದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲವೆಂದು ಮಿಲ್ಲರ್ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಕೆಲಮಂದಿ ಎದ್ದು ಕೋಟು ತೊಟ್ಟು ಮತ್ತೆ ಕುಳಿತುಬಿಟ್ಟರು, ಗಂಡಸರು ಮುಖ ಮುಚ್ಚಿಕೊಂಡು ಬಾಗಿದ್ದರು, ಕಣ್ಣೀರಿಡುತ್ತಿದ್ದವರೂ ಇದ್ದರು. ಬಹಳ ಹೊತ್ತಿನ ಮೇಲೆ ಯಾರಿಗೋ ಚಪ್ಪಾಳೆಯ ನೆನಪಾಯಿತು. ಆಮೇಲೆ ಅದು ನಿಲ್ಲಲೇ ಇಲ್ಲ. ದೊಡ್ಡ ಅಂಗಡಿಗಳ ಒಡೆಯರಾದ ಬರ್ನಾರ್ಡ್ ಗಿಂಬೆಲ್ ಅಂದು ಸಭೆಯಲ್ಲಿದ್ದರು. ವಯಸ್ಸಾಯಿತೆಂಬ ಕಾರಣಕ್ಕೆ ತಮ್ಮಲ್ಲಿ ಯಾರನ್ನೂ ಕೆಲಸದಿಂದ ತೆಗೆಯಕೂಡದೆಂದು ಅವರು ಅದೇ ರಾತ್ರಿ ಆಜ್ಞೆ ಮಾಡಿದರೆಂದು ಮಿಲ್ಲರ್ ಹೇಳುತ್ತಾರೆ. ಪ್ರೇಕ್ಷಕನು ನಾಟಕವನ್ನು ತಿದ್ದುವಂತೆ ನಾಟಕವೂ ಪ್ರೇಕ್ಷಕನನ್ನು ತಿದ್ದಬಲ್ಲದು.

ಆದರೆ ನಗುವುದಕ್ಕೂ ಅಳುವುದಕ್ಕೂ ಮೊದಲು ಕಾಣಬೇಕು, ಕೇಳಬೇಕು. ಪೀಠದ ಪ್ರಶ್ನೆ ಬರುವುದು ಇಲ್ಲಿಯೇ. ರಂಗಮಂದಿರ ಅತಿ ದೊಡ್ಡದಾದರೆ ಮಾತು ಅಸ್ಪಷ್ಟವಾಗುತ್ತದೆ, ಮುಖದ ಭಾವ ಕಾಣದಾಗುತ್ತದೆ ಎಂದು ಎಚ್ಚರಿಸಿದವನೂ ಭರತನೇ. ಅವನು ಒಪ್ಪಿದ ಮಧ್ಯಮ ಗಾತ್ರದ ನಾಟ್ಯಗೃಹ 64 ಹಸ್ತ ಉದ್ದ, 32 ಹಸ್ತ ಅಗಲ. ಉದ್ದದಲ್ಲಿ ಅರ್ಧ ಮಾತ್ರ ಪ್ರೇಕ್ಷಕರಿಗೆ. ಎಂದರೆ ಕೊನೆಯವನಿಗೂ ರಂಗ ಐವತ್ತು ಅಡಿಯೊಳಗೆ. ಬ್ರಾಡ್‌ವೇ ಎಂಬ ಹೆಸರಿಗೆ ಅರ್ಹವಾದ 41 ಮಂದಿರಗಳಾದರೋ 500 ಪೀಠಗಳಿಗೆ ಕಡಮೆಯಿಲ್ಲದವು. ಹೇಯ್ಸ್ ಮಂದಿರದಲ್ಲಿ ಆರು ನೂರಕ್ಕೆ ತುಸು ಕಡಮೆ ಪೀಠಗಳಿದ್ದರೆ ಗರ್ಶ್‌ವಿನ್ ಮಂದಿರದಲ್ಲಿ ಸಾವಿರದ ಒಂಬೈನೂರನ್ನು ಮೀರುತ್ತವೆ. ಆದ್ದರಿಂದ ಟಿಕೆಟು ಕೊಳ್ಳುವ ಮೊದಲು ಮಂದಿರ ಎಷ್ಟು ದೊಡ್ಡದೆಂದು ವಿಚಾರಿಸುವುದು ಮೊದಲನೆಯ ವಿವೇಕ.

ನೆಲಮಟ್ಟದ ಭಾಗಕ್ಕೆ ಅಲ್ಲಿ ‘ಆರ್ಕೆಸ್ಟ್ರಾ’ ಎಂದು ಹೆಸರು. ವಾದ್ಯದವರು ಕೂಡುವ ಜಾಗವೆಂದು ಭ್ರಮಿಸಬಾರದು. ಅದರ ಮೇಲಿನ ಅಂತಸ್ತು ‘ಮೆಜ್ಜನೀನ್’. ಕೆಲವು ಹಳೆಯ ಮಂದಿರಗಳಲ್ಲಿ ಅದಕ್ಕೂ ಮೇಲೆ ‘ಬಾಲ್ಕನಿ’. ಸಾಲುಗಳಿಗೆ ಅಕ್ಷರ, ಪೀಠಗಳಿಗೆ ಸಂಖ್ಯೆ. ಸಾಮಾನ್ಯವಾಗಿ ರಂಗಕ್ಕೆ ಅಭಿಮುಖವಾಗಿ ನಿಂತಾಗ ಎಡಗಡೆ ಬೆಸಸಂಖ್ಯೆ, ಬಲಗಡೆ ಸಮಸಂಖ್ಯೆ. 101ರಿಂದ ಮೊದಲಾಗುವುವು ನಟ್ಟನಡುವಿನವು. ಇದನ್ನು ತಿಳಿಯದೆ 2, 4 ಎಂಬ ಪೀಠಗಳನ್ನು ಕೊಂಡ ಗಂಡಹೆಂಡಿರು, ನಡುವೆ 3ರವರು ಬಂದು ಕೂಡುವರೆಂದು ಹೆದರಬೇಕಾದ್ದಿಲ್ಲ; ಅವು ಒಂದಕ್ಕೊಂದು ತಾಗಿದ ಪೀಠಗಳೇ.

ಮಾತೇ ಪ್ರಧಾನವಾದ ನಾಟಕಕ್ಕೆ ಕೆಳಗಿನ ನಡುಭಾಗದ ಐದನೆಯ ಸಾಲಿನಿಂದ ಹತ್ತು ಹನ್ನೊಂದನೆಯ ಸಾಲಿನವರೆಗೆ ಶ್ರೇಷ್ಠ. ತುಟಿಯ ಚಲನೆ ಕಂಡರೆ ಅಪರಿಚಿತ ಉಚ್ಚಾರಣೆಯೂ ಅರ್ಧ ಅರ್ಥವಾಗುತ್ತದೆ. ನರ್ತನ ಹೆಚ್ಚಾಗಿರುವ ಗೀತನಾಟಕಕ್ಕಾದರೆ ಮೆಜ್ಜನೀನಿನ ಮುಂದಿನ ಸಾಲುಗಳೇ ಲೇಸು. ಹೆಜ್ಜೆಗಳ ವಿನ್ಯಾಸ ಮೇಲಿನಿಂದಲೇ ಚೆನ್ನ. ಮೊಟ್ಟಮೊದಲ ಸಾಲು ಕುತ್ತಿಗೆಗೆ ಶಿಕ್ಷೆ, ಮೇಲಾಗಿ ನಟರ ಪಾದಗಳು ಕಾಣವು. ನೆಲಮಟ್ಟದ ಕೊನೆಯ ಸಾಲುಗಳ ಮೇಲೆ ಮೇಲಂತಸ್ತು ಚಾಚಿಕೊಂಡಿರುವುದರಿಂದ ರಂಗದ ಎತ್ತರದ ದೃಶ್ಯಗಳು ಮರೆಯಾಗುತ್ತವೆ. ತೀರ ಅಂಚಿನ ಪೀಠಗಳಲ್ಲಿ ರಂಗದ ಒಂದು ಮೂಲೆ ಸಾಮಾನ್ಯವಾಗಿ ನಷ್ಟ. ‘ಪಾರ್ಷಿಯಲ್ ವ್ಯೂ’ ಎಂದು ಟಿಕೆಟಿನ ಮೇಲೆ ಬರೆದಿದ್ದರೆ ಆ ಮಾತನ್ನು ಅಕ್ಷರಶಃ ನಂಬಬೇಕು. ಪೂರ್ವಪ್ರದರ್ಶನದ ದಿನಗಳಲ್ಲಿ ಸಜ್ಜೂ ಇನ್ನೂ ಬದಲಾಗುತ್ತಿರುವುದರಿಂದ, ಯಾವ ಪೀಠದಿಂದ ಏನು ಮರೆಯಾಗುವುದೆಂಬುದು ಮಾಡುವವರಿಗೇ ಪೂರ್ತಿ ತಿಳಿದಿರುವುದಿಲ್ಲ. ಆಗ ಅಂಚನ್ನು ಬಿಟ್ಟು ನಡುವನ್ನು ಹಿಡಿಯುವುದೇ ಕ್ಷೇಮ.

ಬಹುಮಟ್ಟಿಗೆ ಈ ಮಂದಿರಗಳು 1900ರಿಂದ 1930ರೊಳಗೆ ಕಟ್ಟಿದವು. ಕಾಲು ಚಾಚಲು ಎಡೆ ಕಿರಿದು, ಅನೇಕ ಕಡೆ ಮೇಲಂತಸ್ತಿಗೆ ಲಿಫ್ಟ್ ಇಲ್ಲ. ವೃದ್ಧರಿಗೆ ನೆಲಮಟ್ಟವೇ ಗತಿ. ಕಿವಿ ಮಂದವಾದವರಿಗೆ ಕೇಳಲು ನೆರವಾಗುವ ಉಪಕರಣಗಳು ದೊರೆಯುತ್ತವೆ. ಸಂಕೋಚಪಡದೆ ಕೇಳಿ ಪಡೆಯಬೇಕು. ಹಣದ ಚಿಂತೆಯುಳ್ಳವರಿಗೆ 1973ರಿಂದ ಟೈಮ್ಸ್ ಚೌಕದಲ್ಲಿರುವ ‘ಟಿಕೆಟಿಎಸ್’ ಎಂಬ ಕಟ್ಟೆಯುಂಟು. ಅಂದಿನ ಆಟದ ಉಳಿದ ಟಿಕೆಟುಗಳು ಅಲ್ಲಿ ಅರ್ಧ ಬೆಲೆಯವರೆಗೂ ಇಳಿದು ಸಿಗುತ್ತವೆ. ಪೂರ್ವಪ್ರದರ್ಶನಕ್ಕೆ ಬೆಲೆ ಕಡಮೆ ಮಾಡುವುದು ಹಿಂದಿನ ಪದ್ಧತಿ. ಈಗ ಎಲ್ಲರೂ ಹಾಗೆ ಮಾಡುವುದಿಲ್ಲ.

ಎಲ್ಲರಿಗಿಂತ ವಿಚಿತ್ರವಾದ ಪೀಠ ಡೇನಿಯಲ್ ಫ್ರೋಮನ್ ಎಂಬ ನಿರ್ಮಾಪಕರದು. 1903ರಲ್ಲಿ ತೆರೆದ ಲೈಸಿಯಂ ಮಂದಿರದ ಮಾಳಿಗೆಯ ಮೇಲೆ ಅವರ ವಾಸ. ರಂಗವನ್ನು ಇಣಿಕಿ ನೋಡಲು ಅಲ್ಲಿಂದ ಒಂದು ಕಿರುಬಾಗಿಲು. ನಟಿಯಾದ ಅವರ ಪತ್ನಿ ಅಭಿನಯವನ್ನು ಅತಿಮಾಡಿದಾಗ ಅಲ್ಲಿಂದ ಬಿಳಿಯ ಕರವಸ್ತ್ರವನ್ನು ಬೀಸುತ್ತಿದ್ದರೆಂದು ಕಥೆಯುಂಟು. ನಮಗೆ ಆ ಕಿರುಬಾಗಿಲಿಲ್ಲ. ಆದರೆ ನಮ್ಮ ನಗೆಯೂ ಮೌನವೂ ಕರವಸ್ತ್ರದ ಕೆಲಸವನ್ನೇ ಮಾಡುತ್ತವೆ. ಆದ್ದರಿಂದ ಪೂರ್ವಪ್ರದರ್ಶನಕ್ಕೆ ಹೋದವರು ದಾಕ್ಷಿಣ್ಯಕ್ಕಾಗಿ ನಗುವುದೂ ಬೇಡ. ಪಕ್ಕದವರು ಎದ್ದರೆಂದು ಎದ್ದುನಿಂತು ಚಪ್ಪಾಳೆ ತಟ್ಟುವುದೂ ಬೇಡ.

ಊರಿಗೆ ಹಿಂದಿರುಗುವ ಮೊದಲು ಅಮ್ಮನಿಗೆ ಆ ನಾಟಕವನ್ನು ಇನ್ನೊಮ್ಮೆ ತೋರಿಸಲೇಬೇಕೆಂದು ಭಾವನವರು ಹಟ ಹಿಡಿದರು. ಅಷ್ಟರಲ್ಲಿ ಪ್ರಥಮ ಪ್ರದರ್ಶನ ಮುಗಿದಿತ್ತು. ಈ ಸಲ ಎರಡೇ ಟಿಕೆಟು, ಕೆಳಗಿನ ಏಳನೆಯ ಸಾಲು, ನಟ್ಟನಡುವೆ. ಅಮ್ಮ, ನಾನು ಇಬ್ಬರೇ ಹೋದೆವು. ಮನೆಯ ಸಜ್ಜು ಸದ್ದಿಲ್ಲದೆ ತಿರುಗಿತು. ಎರಡನೆಯ ಅಂಕದ ಆ ಸನ್ನಿವೇಶ ಬಂದಾಗ ನಾನು ನಗೆಯನ್ನು ನಿರೀಕ್ಷಿಸುತ್ತಿದ್ದೆ. ಆದರೆ ಆ ಮಾತೇ ಅಲ್ಲಿರಲಿಲ್ಲ. ಅದರ ಜಾಗದಲ್ಲಿ ಮಗಳು ತಂದೆಯನ್ನು ಸುಮ್ಮನೆ ನೋಡುತ್ತ ನಿಂತಿದ್ದಳು. ಸಭೆಯಲ್ಲಿ ಒಂದು ಕೆಮ್ಮೂ ಕೇಳಿಸಲಿಲ್ಲ.

ಹೊರಗೆ ಬಂದು ದೀಪಗಳ ಜಗಮಗದ ನಡುವೆ ಬಸ್ಸಿನ ಕಡೆ ನಡೆಯುತ್ತಿರುವಾಗ ಅಮ್ಮ ಬಹಳ ದೂರ ಏನೂ ಮಾತನಾಡಲಿಲ್ಲ. ಆಮೇಲೆ, “ಅವತ್ತು ನಾವೆಲ್ಲ ನಕ್ಕಿದ್ದು ಅವರಿಗೆ ಕೇಳಿಸಿತ್ತು ಕಣೋ” ಎಂದರು.