ಅಣುತ್ಯಾಜ್ಯದ ಸಾಗಾಟ ಮತ್ತು ಎಚ್ಚರಿಕೆಯ ಪರಂಪರೆ

ರೋಣ, ಸವಡಿ, ಸೂಡಿಗಳ ಪರಿಸರವು ಶಿಲಾಶಾಸನಗಳಿಂದ ಸಮೃದ್ಧವಾದುದು. ದತ್ತಿಯನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ತಟ್ಟುವುದೆಂಬ ಶಾಪಾಶಯವು ಕನ್ನಡ ದಾನಶಾಸನಗಳ ಕೊನೆಯಲ್ಲಿ ಸಾಮಾನ್ಯವಾಗಿ ಕಂಡುಬರುತ್ತದೆ. ಇದು ಇನ್ನೂ ಹುಟ್ಟದ ತಲೆಮಾರುಗಳಿಗೆ ಕೊಟ್ಟ ಎಚ್ಚರಿಕೆ. ಸಾವಿರ ವರ್ಷಗಳಲ್ಲಿ ಕಲ್ಲು ಉಳಿಯಿತು. ಅದರ ಭಾಷೆಯನ್ನು ಓದಬಲ್ಲವರು ವಿರಳರಾದರು. ಅಣ್ವಸ್ತ್ರ ತಯಾರಿಕೆಯ ತ್ಯಾಜ್ಯವು ಇದೇ ಸಮಸ್ಯೆಯನ್ನು ಇನ್ನೂ ದೀರ್ಘವಾದ ಕಾಲಮಾನದಲ್ಲಿ ನಮ್ಮ ಮುಂದಿಡುತ್ತದೆ.

ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಕಾರ್ಲ್ಸ್‌ಬಾಡ್ ಬಳಿ, ಸುಮಾರು 655 ಮೀಟರ್ ಆಳದ ಉಪ್ಪಿನ ಪದರದಲ್ಲಿ, ಇಂಥ ತ್ಯಾಜ್ಯದ ಭಂಡಾರವಿದೆ. ಪ್ಲುಟೋನಿಯಂ ಸೋಂಕಿದ ಬಟ್ಟೆ, ಉಪಕರಣ ಮೊದಲಾದವನ್ನು ಡ್ರಮ್ಮುಗಳಲ್ಲಿ ತುಂಬಿ ಲಾರಿಗಳಲ್ಲಿ ಅಲ್ಲಿಗೆ ಸಾಗಿಸುವ ಕಾರ್ಯ 1999ರ ಮಾರ್ಚಿನಲ್ಲಿ ಆರಂಭವಾಯಿತು. ಡ್ರಮ್ಮುಗಳನ್ನು ಹೊತ್ತ ಹೊರಪಾತ್ರೆಯು 9 ಮೀಟರ್ ಎತ್ತರದಿಂದ ಬಿದ್ದರೂ, 800 ಡಿಗ್ರಿ ಸೆಲ್ಸಿಯಸ್ ಬೆಂಕಿಯಲ್ಲಿ 30 ನಿಮಿಷವಿದ್ದರೂ ಸೋರದಂತಿರಬೇಕೆಂಬುದು ನಿಯಮ.

ಆದರೆ 2014ರ ಫೆಬ್ರವರಿ 14ರಂದು ಅನಾಹುತವಾದುದು ದಾರಿಯಲ್ಲಲ್ಲ, ಭಂಡಾರದೊಳಗೆ. ಲಾಸ್ ಅಲಮೋಸ್‌ನಿಂದ ಬಂದ ಡ್ರಮ್ಮೊಂದು ಒಡೆದು ವಿಕಿರಣ ಹೊರಬಿದ್ದಿತು. ದ್ರವವನ್ನು ಹೀರಲು ನಿರವಯವ ವಸ್ತುವನ್ನು ತುಂಬಬೇಕಿತ್ತು. ಲಿಖಿತ ಕಾರ್ಯವಿಧಾನದಲ್ಲಿ ಅದು ‘ಸಾವಯವ’ ಎಂದಾಗಿತ್ತು. ತ್ಯಾಜ್ಯದಲ್ಲಿದ್ದ ನೈಟ್ರೇಟ್ ಲವಣಗಳೊಡನೆ ಸಾವಯವ ವಸ್ತು ಪ್ರತಿಕ್ರಿಯಿಸಿ ಶಾಖವೇರಿತು. ಭಂಡಾರದ ಕಾರ್ಯ 2017ರವರೆಗೆ ಸ್ಥಗಿತಗೊಂಡಿತು. ಜಾನಪದ ಅಧ್ಯಯನದ ಪರಿಭಾಷೆಯಲ್ಲಿ ಇದೊಂದು ಪಾಠಾಂತರ. ಹಾಡಿಗೆ ಚೆಲುವು ತರುವ ಪಾಠಾಂತರವು ಇಲ್ಲಿ ಅಪಾಯ ತಂದಿತು.

ಪ್ಲುಟೋನಿಯಂ-239ರ ಅರ್ಧಾಯುಷ್ಯ ಸುಮಾರು 24,100 ವರ್ಷ. ಕೆಲವೇ ವರ್ಷಗಳಲ್ಲಿ ಒಂದು ಪದ ತಪ್ಪುವುದಾದರೆ ಇಷ್ಟು ಕಾಲ ಎಚ್ಚರಿಕೆಯನ್ನು ಉಳಿಸುವುದು ಹೇಗೆ? ಅಣುತ್ಯಾಜ್ಯ ಹೂಳುವ ತಾಣಗಳನ್ನು ಕುರಿತ 1984ರ ವರದಿಯಲ್ಲಿ ಸಂಕೇತವಿಜ್ಞಾನಿ ಥಾಮಸ್ ಸೆಬಿಯೋಕ್ ಎರಡು ಮಾರ್ಗಗಳನ್ನು ಸೂಚಿಸಿದರು. ಒಂದು, ಆಚರಣೆ ಮತ್ತು ಐತಿಹ್ಯಗಳಿಂದ ಜನರನ್ನು ದೂರವಿಡುವ ‘ಅಣು ಪುರೋಹಿತವರ್ಗ’. ಇನ್ನೊಂದು, ಎಚ್ಚರಿಕೆಯನ್ನು ಕೆಲವು ತಲೆಮಾರುಗಳಿಗೊಮ್ಮೆ ಆಯಾ ಕಾಲದ ಭಾಷೆಗೆ ತಿರುಗಿಸುವುದು.

ಮೊದಲನೆಯದರಲ್ಲಿ ಭಯ ಉಳಿದು ಕಾರಣ ಮರೆಯಾಗುತ್ತದೆ. ಕಾರಣ ತಿಳಿಯದ ನಿಷೇಧವು ಭಕ್ತಿಯನ್ನಷ್ಟೇ ಅಲ್ಲ, ನಿಧಿಯ ಆಸೆಯನ್ನೂ ಹುಟ್ಟಿಸಬಲ್ಲದೆಂಬುದಕ್ಕೆ ನಿಧಿಗಳ್ಳರು ಅಗೆದ ನಮ್ಮ ಹಳೆಯ ಗುಡಿಗಳೇ ಸಾಕ್ಷಿ. ಕೂಡಂಕುಳಂ ಸ್ಥಾವರದ ಬಳಸಿದ ಇಂಧನವನ್ನು ಕೋಲಾರದ ಚಿನ್ನದ ಗಣಿಗಳಲ್ಲಿ ಇಡುವರೆಂಬ ಸುದ್ದಿ 2012ರಲ್ಲಿ ಬಂದಾಗ ಅಲ್ಲಿಯ ಜನ ಬೀದಿಗಿಳಿದರು. ಅದು ಸೈನಿಕ ತ್ಯಾಜ್ಯವಲ್ಲದಿದ್ದರೂ ನೆಲದ ಮೇಲಿರುವವರಿಗೆ ಮೊದಲು ತಿಳಿಸಬೇಕೆಂಬ ಪಾಠ ಒಂದೇ. ಪಾತ್ರೆಯನ್ನು ಉಕ್ಕು ಕಾಯಬಹುದು; ಎಚ್ಚರಿಕೆಯನ್ನು ಅರಿತ ಸಮುದಾಯವೇ ಕಾಯಬೇಕು.